ಆನೆಮನುಷ್ಯನೆನಿಸಿಕೊಂಡ ಜೋಸೆಫ್ ಮೆರಿಕ್

ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ಹುಟ್ಟಿ ಬೆಳೆದ ನಮಗೆ ಆನೆಯೆಂದರೆ ಹೊಸ ಪ್ರಾಣಿಯಲ್ಲ. ಅದು ಹೊಲಕ್ಕೆ ನುಗ್ಗಿ ರಾಗಿಯ ತೆನೆಯನ್ನು ತುಳಿದುಹೋದರೂ ದೂರದಿಂದ ಕಂಡ ಹಿರಿಯರು ಭಯದೊಡನೆ ಭಕ್ತಿಯನ್ನೂ ಬೆರೆಸಿ ಕೈಮುಗಿಯುತ್ತಾರೆ. ಇಂಥ ನಾಡಿನಲ್ಲಿ ಒಬ್ಬನನ್ನು ಆನೆಗೆ ಹೋಲಿಸಿದರೆ ಅದು ಹೊಗಳಿಕೆಯ ಮಾತಾದೀತು. ಆದರೆ 1884ರಲ್ಲಿ ಲಂಡನ್ ನಗರದ ಒಂದು ಅಂಗಡಿಯಲ್ಲಿ ಒಬ್ಬ ಬಡ ಯುವಕನನ್ನು ಆನೆಮನುಷ್ಯನೆಂದು ಕರೆದು, ಕಾಸು ಪಡೆದು, ಜನರಿಗೆ ತೋರಿಸುತ್ತಿದ್ದರು. ಅವನೇ ಜೋಸೆಫ್ ಮೆರಿಕ್. 1980ರಲ್ಲಿ ಡೇವಿಡ್ ಲಿಂಚ್ ನಿರ್ದೇಶಿಸಿದ ‘ದಿ ಎಲಿಫೆಂಟ್ ಮ್ಯಾನ್’ ಎಂಬ ಕಪ್ಪು-ಬಿಳುಪು ಚಿತ್ರದಿಂದ ಅವನ ಕಥೆ ಲೋಕಕ್ಕೆಲ್ಲ ತಿಳಿಯಿತು. ಆ ಚಿತ್ರವನ್ನು ನೋಡಿದವರು ಮರುಕದಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಮೆರಿಕ್ಕನ ನಿಜವಾದ ಬಾಳನ್ನು ಅರಿತರೆ ಮರುಕಕ್ಕಿಂತ ಗೌರವವೇ ಹೆಚ್ಚಾಗುತ್ತದೆ. ಆ ಬಾಳನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಜೋಸೆಫ್ ಮೆರಿಕ್ 1862ನೆಯ ಆಗಸ್ಟ್ 5ರಂದು ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿ ದುಡಿಮೆಗಾರರ ಮನೆಯೊಂದರಲ್ಲಿ ಹುಟ್ಟಿದನು. ಹುಟ್ಟಿದಾಗ ಎಲ್ಲ ಕೂಸುಗಳಂತೆಯೇ ಇದ್ದನು. ಕೆಲವು ವರ್ಷಗಳೊಳಗೆ ಮೈಮೇಲೆ ಗಂಟುಗಳೆದ್ದವು. ಚರ್ಮ ದಪ್ಪವಾಗಿ ಜೋತುಬಿತ್ತು. ತಲೆಬುರುಡೆ ಒಂದು ಕಡೆಗೆ ಉಬ್ಬಿತು. ಬಲಗೈ ವಿಪರೀತವಾಗಿ ಬೆಳೆದು ಕೆಲಸಕ್ಕೆ ಬಾರದಂತಾಯಿತು. ಎಡಗೈ ಮಾತ್ರ ಕೊನೆಯವರೆಗೂ ನಯವಾಗಿ, ಸುಂದರವಾಗಿಯೇ ಉಳಿಯಿತು. ಎಳೆಯ ವಯಸ್ಸಿನಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟಾದ ಕಾರಣ ಅವನು ಕುಂಟನೂ ಆದನು.

ಬಸುರಿಯಾಗಿದ್ದಾಗ ತಾಯಿಯನ್ನು ಜಾತ್ರೆಯಲ್ಲಿ ಆನೆಯೊಂದು ಕೆಡವಿತೆಂದೂ, ಆ ಗಾಬರಿಯೇ ಮಗನ ಮೈಯಲ್ಲಿ ಮೂಡಿತೆಂದೂ ಮನೆಯವರು ನಂಬಿದ್ದರು. ಮೆರಿಕ್ಕನೂ ಸಾಯುವವರೆಗೆ ಹಾಗೆಯೇ ನಂಬಿದ್ದನು. ಇದನ್ನು ಕೇಳಿ ನಾವು ನಗಬೇಕಾಗಿಲ್ಲ. ಗರ್ಭಿಣಿ ಗ್ರಹಣ ನೋಡಿದರೆ ಮಗುವಿಗೆ ಸೀಳುತುಟಿಯಾಗುತ್ತದೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಈಗಲೂ ಕೇಳಿಬರುತ್ತದೆ. ಊರು ಯಾವುದಾದರೂ ಇಂಥ ನಂಬಿಕೆಯ ಭಾರ ಬೀಳುವುದು ತಾಯಿಯ ತಲೆಯ ಮೇಲೆಯೇ.

ಆ ತಾಯಿ, ಮೇರಿ ಜೇನ್, 1873ರಲ್ಲಿ ತೀರಿಕೊಂಡಳು. ಮಗನಿಗಾಗ ಇನ್ನೂ ಹನ್ನೊಂದು ತುಂಬಿರಲಿಲ್ಲ. ತಂದೆ ಮರುಮದುವೆಯಾದನು. ಮಲತಾಯಿಯ ಮನೆಯಲ್ಲಿ ಹುಡುಗನಿಗೆ ಅನ್ನದೊಡನೆ ಹಂಗಿನ ಮಾತೂ ಸಿಕ್ಕುತ್ತಿತ್ತು. ಹದಿಮೂರನೆಯ ವಯಸ್ಸಿಗೆ ಶಾಲೆ ಬಿಟ್ಟು ಚುಟ್ಟ ಸುತ್ತುವ ಕೆಲಸಕ್ಕೆ ಸೇರಿದನು. ಸುಮಾರು ಎರಡು ವರ್ಷ ದುಡಿಯುವಷ್ಟರಲ್ಲಿ ಬಲಗೈ ಇನ್ನಷ್ಟು ಭಾರವಾಗಿ ಆ ಕೆಲಸವೂ ಹೋಯಿತು. ಬಳಿಕ ತಂದೆಯ ಅಂಗಡಿಯ ಸಾಮಾನು ಹೊತ್ತು ಮನೆಮನೆಗೆ ಮಾರಲು ಹೊರಟನು. ಬಾಗಿಲು ತೆರೆದವರು ಅವನ ಮುಖ ಕಂಡು ಮತ್ತೆ ಮುಚ್ಚುತ್ತಿದ್ದರು. ಬೀದಿಯಲ್ಲಿ ಜನ ಮುತ್ತುತ್ತಿದ್ದರು. ಸಂಪಾದನೆ ಸಾಲದೆ ಮನೆಗೆ ಬಂದ ದಿನ ಏಟು ಬೀಳುತ್ತಿತ್ತು. ಕೊನೆಗೆ ಅವನು ಮನೆಯನ್ನೇ ಬಿಟ್ಟನು. ಕ್ಷೌರಿಕನಾಗಿದ್ದ ಚಿಕ್ಕಪ್ಪ ಚಾರ್ಲ್ಸ್ ಮೆರಿಕ್ ಅವನಿಗೆ ಆಶ್ರಯ ಕೊಟ್ಟನು. ಆದರೆ ಬೀದಿಯಲ್ಲಿ ಜನ ಸೇರಿ ಗಲಭೆಯಾಗುತ್ತದೆಂದು ಅಧಿಕಾರಿಗಳು ಮಾರಾಟದ ಪರವಾನಗಿಯನ್ನು ಮುಂದುವರಿಸಲಿಲ್ಲ. ದುಡಿಯುವ ಮನಸ್ಸಿದ್ದವನಿಗೆ ದುಡಿಮೆಯ ಬಾಗಿಲುಗಳೆಲ್ಲ ಹೀಗೆ ಒಂದೊಂದಾಗಿ ಮುಚ್ಚಿದವು.

1879ರ ಡಿಸೆಂಬರ್ ಕೊನೆಯಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಮೆರಿಕ್ ಲೆಸ್ಟರಿನ ವರ್ಕ್‌ಹೌಸನ್ನು ಸೇರಿದನು. ಗತಿಯಿಲ್ಲದವರಿಗೆ ಊಟ ವಸತಿ ಕೊಟ್ಟು, ಪ್ರತಿಯಾಗಿ ಕಠಿಣವಾದ ಕೆಲಸವನ್ನೂ ಅದಕ್ಕಿಂತ ಕಠಿಣವಾದ ಅವಮಾನವನ್ನೂ ಹೊರಿಸುತ್ತಿದ್ದ ಸಂಸ್ಥೆಗೆ ಅಲ್ಲಿ ಆ ಹೆಸರು. ಬೇರೆ ದಾರಿಯಿದ್ದವರು ಯಾರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಮೆರಿಕ್ ಕೆಲವು ವಾರಗಳ ನಂತರ ಹೊರಬಂದು ಕೆಲಸ ಹುಡುಕಿದನು, ಸಿಕ್ಕದೆ ಮರಳಿದನು. ಅಲ್ಲಿ ಸುಮಾರು ನಾಲ್ಕು ವರ್ಷ ಕಳೆದವು. ಮಾತಾಡಲೂ ತಿನ್ನಲೂ ಆಗದಂತೆ ಮೇಲ್ದವಡೆಯಿಂದ ಬೆಳೆದಿದ್ದ ಮಾಂಸವನ್ನು ಅಲ್ಲಿಯ ವೈದ್ಯರು ಶಸ್ತ್ರಚಿಕಿತ್ಸೆಯಿಂದ ತೆಗೆದರು.

ಮುಂದಿನ ಘಟನೆಯೇ ಅವನ ಬಾಳಿನಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದುದು. 1884ರಲ್ಲಿ ಮೆರಿಕ್ ಸ್ಯಾಮ್ ಟಾರ್ ಎಂಬ ಪ್ರದರ್ಶನದ ವ್ಯಾಪಾರಿಗೆ ತಾನಾಗಿಯೇ ಪತ್ರ ಬರೆದನು. ತನ್ನನ್ನು ನೋಡಲು ಜನ ಹೇಗೂ ಮುತ್ತುತ್ತಾರೆ. ನೋಡುವವರು ಕಾಸು ಕೊಟ್ಟೇ ನೋಡಲಿ ಎಂಬುದು ಅವನ ಲೆಕ್ಕ. ಹೀಗೆ ವರ್ಕ್‌ಹೌಸಿನಿಂದ ಅವನನ್ನು ಬಿಡಿಸಿದುದು ಅವನದೇ ಬುದ್ಧಿ. ಅದೇ ವರ್ಷ ಲಂಡನ್ನಿನಲ್ಲಿ ಟಾಮ್ ನಾರ್ಮನ್ ಎಂಬವನು, ಲಂಡನ್ ಆಸ್ಪತ್ರೆಯ ಎದುರಿನ ಅಂಗಡಿಯೊಂದರಲ್ಲಿ ಅವನನ್ನು ಪ್ರದರ್ಶಿಸಿದನು. ಬಂದ ಹಣದಲ್ಲಿ ಮೆರಿಕ್ಕನಿಗೂ ಪಾಲಿತ್ತು. ಅವನು ಕೂಡಿಟ್ಟ ಮೊತ್ತ ಸುಮಾರು 50 ಪೌಂಡುಗಳಿಗೆ ಮುಟ್ಟಿತು.

ಆಸ್ಪತ್ರೆಯ ಶಸ್ತ್ರವೈದ್ಯನಾದ ಫ್ರೆಡರಿಕ್ ಟ್ರೀವ್ಸ್ ಅವನನ್ನು ಕಂಡುದು ಆ ಅಂಗಡಿಯಲ್ಲಿಯೇ. ಟ್ರೀವ್ಸ್ ಅವನನ್ನು ಪರೀಕ್ಷಿಸಿ, 1884ನೆಯ ಡಿಸೆಂಬರ್ 2ರಂದು ವೈದ್ಯರ ಸಂಘವೊಂದರ ಮುಂದೆ ನಿಲ್ಲಿಸಿ ವಿವರಿಸಿದನು. ಅಂಗಡಿಯಲ್ಲಿ ಕಾಸು ಕೊಟ್ಟು ನೋಡಿದವರ ಮುಂದೆ ನಿಲ್ಲುವುದಕ್ಕೂ, ವಿದ್ವಾಂಸರ ಮುಂದೆ ಬೆತ್ತಲೆ ನಿಲ್ಲುವುದಕ್ಕೂ ನಿಂತವನ ಪಾಲಿಗೆ ಎಷ್ಟು ವ್ಯತ್ಯಾಸವಿತ್ತೆಂಬುದು ಯೋಚಿಸತಕ್ಕ ವಿಷಯ.

ಇಂಗ್ಲೆಂಡಿನಲ್ಲಿ ಪೊಲೀಸರು ಇಂಥ ಪ್ರದರ್ಶನಗಳನ್ನು ತಡೆಯತೊಡಗಿದುದರಿಂದ ಮೆರಿಕ್ ಯೂರೋಪಿನ ಇತರ ದೇಶಗಳಿಗೆ ಹೋಗಬೇಕಾಯಿತು. ಅಲ್ಲಿ, ಬ್ರಸೆಲ್ಸ್ ನಗರದಲ್ಲಿ, ಕರೆದೊಯ್ದವನೇ ಅವನ ಉಳಿತಾಯವನ್ನೆಲ್ಲ ದೋಚಿ ಕೈಬಿಟ್ಟನು. ಭಾಷೆ ತಿಳಿಯದ ನಾಡಿನಿಂದ ಹೇಗೋ ಹಡಗು ಹತ್ತಿ 1886ರ ಜೂನ್ ತಿಂಗಳಲ್ಲಿ ಲಂಡನ್ನಿನ ರೈಲ್ವೆ ನಿಲ್ದಾಣಕ್ಕೆ ಬಂದಿಳಿದಾಗ ಜನ ಮುತ್ತಿಕೊಂಡರು. ಅವನ ಮಾತು ಯಾರಿಗೂ ಅರ್ಥವಾಗಲಿಲ್ಲ. ಅವನಲ್ಲಿದ್ದ ಟ್ರೀವ್ಸನ ಹೆಸರಿನ ಚೀಟಿಯನ್ನು ಕಂಡು ಪೊಲೀಸರು ವೈದ್ಯನನ್ನು ಕರೆಸಿದರು.

ವಾಸಿಯಾಗದ ರೋಗಿಗಳನ್ನು ಇಟ್ಟುಕೊಳ್ಳುವುದು ಲಂಡನ್ ಆಸ್ಪತ್ರೆಯ ನಿಯಮಕ್ಕೆ ಹೊರತಾಗಿತ್ತು. ಅಧ್ಯಕ್ಷನಾದ ಕಾರ್ ಗೋಮ್ ಆ ವರ್ಷದ ಡಿಸೆಂಬರಿನಲ್ಲಿ ‘ಟೈಮ್ಸ್’ ಪತ್ರಿಕೆಗೆ ಪತ್ರ ಬರೆದು ಸಹಾಯ ಬೇಡಿದನು. ಮೆರಿಕ್ ಬದುಕಿರುವಷ್ಟು ಕಾಲಕ್ಕೆ ಸಾಲುವ ಹಣ ಜನರಿಂದಲೇ ಬಂದಿತು. ಆಸ್ಪತ್ರೆಯ ಕೆಳಗಿನ ಎರಡು ಕೋಣೆಗಳು ಅವನ ಮನೆಯಾದವು. ಅಲ್ಲಿ ಅವನು ಪುಸ್ತಕಗಳನ್ನು ಓದಿದನು. ಚೆನ್ನಾಗಿದ್ದ ಒಂದೇ ಕೈಯ ಬಲದಿಂದ ರಟ್ಟನ್ನು ಜೋಡಿಸಿ ಚರ್ಚಿನ ಅಂದವಾದ ಮಾದರಿಯನ್ನು ಮಾಡಿದನು. ಬುಟ್ಟಿ ಹೆಣೆಯುವುದನ್ನು ಕಲಿತನು. ಕೂತು ತಿನ್ನುವ ಅನುಕೂಲ ಸಿಕ್ಕಿದ ಮೇಲೂ ಅವನ ಕೈ ಸುಮ್ಮನಿರಲಿಲ್ಲ. ಲೀಲಾ ಮ್ಯಾಟುರಿನ್ ಎಂಬ ಮಹಿಳೆ ಮುಗುಳ್ನಕ್ಕು ಕೈ ಕುಲುಕಿದಾಗ ಅವನು ಅತ್ತುಬಿಟ್ಟನು. 1887ರ ಮೇ ತಿಂಗಳಲ್ಲಿ ಯುವರಾಣಿ ಅಲೆಕ್ಸಾಂಡ್ರಾ ಅವನ ಕೋಣೆಗೆ ಬಂದು ಕೈ ಕುಲುಕಿದಳು. ಆಗ ಅವನು ನಾಟಕ ನೋಡಿದನು. ಹಳ್ಳಿಗಾಡಿಗೆ ಹೋಗಿ ಕಾಡುಹೂಗಳ ನಡುವೆ ದಿನ ಕಳೆದನು.

ತಲೆಯ ಭಾರದಿಂದಾಗಿ ಅವನು ಎಲ್ಲರಂತೆ ಮಲಗುವಂತಿರಲಿಲ್ಲ. ಮೊಣಕಾಲ ಮೇಲೆ ತಲೆಯಿಟ್ಟು ಕುಳಿತೇ ನಿದ್ರಿಸುತ್ತಿದ್ದನು. 1890ನೆಯ ಏಪ್ರಿಲ್ 11ರಂದು ಹಾಸಿಗೆಯ ಮೇಲೆ ಅಂಗಾತ ಮಲಗಿದ ಸ್ಥಿತಿಯಲ್ಲಿ ಸತ್ತುಬಿದ್ದಿದ್ದನು. ಎಲ್ಲರಂತೆ ಮಲಗಲು ಪ್ರಯತ್ನಿಸಿದ್ದಿರಬೇಕೆಂದು ಟ್ರೀವ್ಸ್ ಭಾವಿಸಿದನು. ಆಗ ಮೆರಿಕ್ಕನಿಗೆ ಇಪ್ಪತ್ತೇಳು ವರ್ಷ. ಅವನ ಅಸ್ಥಿಪಂಜರವನ್ನು ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ಅಧ್ಯಯನಕ್ಕೆಂದು ಇಟ್ಟುಕೊಂಡರು.

ಟ್ರೀವ್ಸ್ 1923ರಲ್ಲಿ ಪ್ರಕಟಿಸಿದ ನೆನಪುಗಳ ಪುಸ್ತಕದಿಂದ ಮೆರಿಕ್ಕನ ಕಥೆ ಉಳಿದು ಬಂದಿತು. ಆದರೆ ಆ ಪುಸ್ತಕ ಅವನ ಹೆಸರನ್ನೇ ಜಾನ್ ಎಂದು ಮಾಡಿತು. ಲಿಂಚ್‌ನ ಚಿತ್ರವೂ ಅದೇ ಹೆಸರನ್ನಿಟ್ಟುಕೊಂಡು, ನಾರ್ಮನ್ನನ ಸ್ಥಾನದಲ್ಲಿ ಕ್ರೂರಿಯಾದ ಕುಡುಕನೊಬ್ಬನನ್ನು ಕಲ್ಪಿಸಿ, ಮೆರಿಕ್ಕನನ್ನು ಅವನ ಸೆರೆಯಾಳೆಂಬಂತೆ ತೋರಿಸಿತು. ಚಿತ್ರದ ಕಲೆಯ ವಿಷಯದಲ್ಲಿ ಎರಡು ಮಾತಿಲ್ಲ. ಜಾನ್ ಹರ್ಟ್ ಎಂಬ ನಟನ ಮುಖವೇ ಕಾಣದಷ್ಟು ದಪ್ಪನೆಯ ಬಣ್ಣಗಾರಿಕೆಯ ಒಳಗಿಂದ ಕಣ್ಣು ಮತ್ತು ದನಿಗಳೆರಡೇ ಮಾತಾಡುತ್ತವೆ. ಎಂಟು ಆಸ್ಕರ್ ಪ್ರಶಸ್ತಿಗಳಿಗೆ ಹೆಸರಿಸಲ್ಪಟ್ಟರೂ ಅದಕ್ಕೆ ಒಂದೂ ಬರಲಿಲ್ಲ. ಆದರೆ ಸ್ವಂತ ಬುದ್ಧಿಯಿಂದ ಪತ್ರ ಬರೆದು, ಪಾಲು ಕೇಳಿ, ಹಣ ಕೂಡಿಟ್ಟ ಯುವಕ ಆ ಚಿತ್ರದಲ್ಲಿಲ್ಲ. ಬಡವನ ಕಥೆಯನ್ನು ಉಳ್ಳವರು ಹೇಳುವಾಗ ಅವನ ಕಷ್ಟವನ್ನು ಬಣ್ಣಿಸುತ್ತಾರೆ, ಅವನ ಜಾಣತನವನ್ನು ಮರೆಯುತ್ತಾರೆ. ಕೂಲಿನಾಲಿಯ ಮನೆಗಳಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ.

ಮೆರಿಕ್ಕನಿಗಿದ್ದುದು ಪ್ರೋಟಿಯಸ್ ಎಂಬ ಅತಿ ವಿರಳವಾದ ರೋಗಸ್ಥಿತಿಯೆಂದು 1986ರಲ್ಲಿ ಇಬ್ಬರು ವೈದ್ಯರು ವಾದಿಸಿದರು. ಇಂದು ಬಹುಪಾಲು ತಜ್ಞರು ಅದನ್ನೇ ಒಪ್ಪುತ್ತಾರೆ. ಆ ರೋಗಕ್ಕೆ ಕಾರಣವಾದ ವಂಶವಾಹಿಯ ದೋಷ 2011ರಲ್ಲಿ ಪತ್ತೆಯಾಯಿತು. ಅದು ತಂದೆತಾಯಿಗಳಿಂದ ಬರುವುದಿಲ್ಲ. ಗರ್ಭದಲ್ಲಿ ಭ್ರೂಣ ಬೆಳೆಯುವಾಗ ಒಂದು ಜೀವಕೋಶದಲ್ಲಿ ತಾನಾಗಿ ಉಂಟಾಗುತ್ತದೆ. ಆನೆಯ ತಪ್ಪೂ ಅಲ್ಲ, ಆ ತಾಯಿಯ ತಪ್ಪೂ ಅಲ್ಲ.

ನಮ್ಮ ಕೊಳ್ಳೇಗಾಲದ ಸೀಮೆಗೆ ಈ ಕಥೆಯ ತಿರುಳು ಹೊಸದೇನಲ್ಲ. ಮಂಟೇಸ್ವಾಮಿಯು ಯಾರೂ ಹತ್ತಿರ ಸೇರಿಸದಂಥ ವಿಕಾರ ರೂಪದಲ್ಲಿ ಕಲ್ಯಾಣದ ಬಾಗಿಲಿಗೆ ಬಂದನೆಂದೂ, ಕಾವಲಿನವರು ಅವನನ್ನು ಒಳಕ್ಕೆ ಬಿಡಲಿಲ್ಲವೆಂದೂ ನೀಲಗಾರರು ಹಾಡುತ್ತಾರೆ. ಚಿಕ್ಕಲ್ಲೂರಿನ ಜಾತ್ರೆಗೆ ಹೋಗುವ ಸಾವಿರಾರು ಜನ ಆ ಪರಂಪರೆಯ ಒಕ್ಕಲೇ. ಆ ಕಥೆಯಲ್ಲಿ ಪರೀಕ್ಷೆ ನಡೆದುದು ಬಾಗಿಲಲ್ಲಿ ನಿಂತವನಿಗಲ್ಲ, ಒಳಗಿದ್ದವರಿಗೆ. ಮೆರಿಕ್ಕನ ಬಾಳೂ ಅಂಥದೇ ಒಂದು ಪರೀಕ್ಷೆ. ಕೆಲಸ ಕೊಡದ ಲೆಸ್ಟರ್ ಅದರಲ್ಲಿ ಸೋತಿತು. ಕೊನೆಗೆ ಕೋಣೆ ಕೊಟ್ಟ ಲಂಡನ್ ಅರ್ಧ ಗೆದ್ದಿತು. ವಿದ್ಯಾವಂತರೆನಿಸಿಕೊಂಡು ನಾಳೆ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಮೇಜಿನ ಒಳಬದಿಯಲ್ಲಿ ಕೂರಲಿರುವ ನಾವು, ಮುಖದಲ್ಲಿ ಸುಟ್ಟ ಗಾಯವಿದ್ದವನೋ ಕೈಕಾಲು ಊನವಾದವಳೋ ಅರ್ಜಿ ಹಿಡಿದು ಬಂದಾಗ ಮೊದಲು ಓದಬೇಕಾದುದು ಆ ಅರ್ಜಿಯನ್ನು.