ಜೇಮ್ಸ್ ಹಂಟ್

ಜೇಮ್ಸ್ ಸೈಮನ್ ವಾಲಿಸ್ ಹಂಟ್ (29 ಆಗಸ್ಟ್ 1947 – 15 ಜೂನ್ 1993) ಇಂಗ್ಲೆಂಡಿನ ಕಾರು ರೇಸ್ ಚಾಲಕರು ಹಾಗೂ ದೂರದರ್ಶನದ ವೀಕ್ಷಕ ವಿವರಣೆಗಾರರು. 1976ರಲ್ಲಿ ಮೆಕ್ಲಾರೆನ್ ತಂಡದ ಚಾಲಕರಾಗಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಪಟ್ಟವನ್ನು ಗಳಿಸಿದರು. ಎರಡನೆಯ ಸ್ಥಾನ ಪಡೆದ ಆಸ್ಟ್ರಿಯದ ನಿಕಿ ಲೌಡಾ ಅವರಿಗೂ ಹಂಟ್ ಅವರಿಗೂ ನಡುವೆ ಇದ್ದ ಅಂತರ ಕೇವಲ ಒಂದು ಅಂಕ. ಆ ವರ್ಷ ಹಂಟ್ ಮೊದಲಿಗರಾಗಿ ಗುರಿ ಮುಟ್ಟಿದ ಎರಡು ಸ್ಪರ್ಧೆಗಳ ಅಂತಿಮ ಫಲಿತಾಂಶ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ತೀರ್ಮಾನವಾಯಿತು. ಒಂದು ಗೆಲುವನ್ನು ಕಿತ್ತುಕೊಂಡು ಮರಳಿ ಕೊಡಲಾಯಿತು. ಇನ್ನೊಂದನ್ನು ಕೊಟ್ಟು ಕಿತ್ತುಕೊಳ್ಳಲಾಯಿತು. ಮೋಟಾರು ಓಟದಲ್ಲಿ ತೀರ್ಪುಗಾರರ ಅಧಿಕಾರ ಮತ್ತು ನ್ಯಾಯದ ಕುರಿತ ಚರ್ಚೆಗಳಲ್ಲಿ ಈ ಋತುವಿನ ಪ್ರಸ್ತಾಪ ಇಂದಿಗೂ ಬರುತ್ತದೆ. ಎರಡು ವರ್ಷಗಳ ತರುವಾಯ ಹಂಟ್ ಅವರೇ ಇನ್ನೊಬ್ಬ ಚಾಲಕನ ವಿಚಾರದಲ್ಲಿ ತೀರ್ಪುಗಾರರ ಸ್ಥಾನದಲ್ಲಿ ಕುಳಿತರು.

ಬಾಲ್ಯ ಮತ್ತು ಆರಂಭದ ದಿನಗಳು

ಹಂಟ್ ಅವರು ಸರ್ರೆ ಪ್ರಾಂತ್ಯದ ಬೆಲ್ಮಾಂಟ್ ಎಂಬಲ್ಲಿ ಜನಿಸಿದರು. ತಂದೆ ವಾಲಿಸ್ ಹಂಟ್ ಷೇರು ದಲ್ಲಾಳಿಯಾಗಿದ್ದರು. ಜೇಮ್ಸ್ ಅವರ ವಿದ್ಯಾಭ್ಯಾಸ ವೆಲಿಂಗ್ಟನ್ ಕಾಲೇಜಿನಲ್ಲಿ ನಡೆಯಿತು. ಟೆನಿಸ್ ಮತ್ತು ಸ್ಕ್ವಾಷ್ ಆಟಗಳಲ್ಲಿ ಅವರು ನಿಪುಣರಾಗಿದ್ದರು. ಮಗ ವೈದ್ಯನಾಗಬೇಕೆಂಬುದು ಮನೆಯವರ ಎಣಿಕೆಯಾಗಿತ್ತು. ಹದಿನೆಂಟರ ಪ್ರಾಯದಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ನಡೆದ ಒಂದು ಓಟವನ್ನು ನೋಡಿದ ಮೇಲೆ ಆ ಎಣಿಕೆ ತಲೆಕೆಳಗಾಯಿತು.

ಅಪಘಾತದಲ್ಲಿ ಹಾಳಾಗಿದ್ದ ಮಿನಿ ಕಾರೊಂದನ್ನು ಕೊಂಡು, ಅದನ್ನು ತಮ್ಮ ಕೈಯಾರೆ ಸಿದ್ಧಪಡಿಸಿ ಅವರು ಮೊದಲ ಸ್ಪರ್ಧೆಗೆ ಹೋದರು. ಕಾರಿನಲ್ಲಿ ಚಾಲಕನ ಆಸನವಾಗಿ ತೋಟದ ಕುರ್ಚಿಯೊಂದನ್ನು ಅಳವಡಿಸಲಾಗಿತ್ತು. ತಾಂತ್ರಿಕ ಪರಿಶೀಲಕರು ಆ ಕಾರಿಗೆ ಅನುಮತಿಯನ್ನೇ ನೀಡಲಿಲ್ಲ. ಹೀಗೆ ಓಟದ ಅಧಿಕಾರಿಗಳೊಡನೆ ಅವರ ಮೊದಲ ಪರಿಚಯವೇ ನಿರಾಕರಣೆಯಿಂದ ಆರಂಭವಾಯಿತು. ಪರಿಶೀಲಕರ ತೀರ್ಮಾನ ಸರಿಯಾಗಿಯೇ ಇತ್ತು ಎನ್ನಬೇಕು.

ಅನಂತರ ಫಾರ್ಮುಲಾ ಫೋರ್ಡ್ ಮತ್ತು ಫಾರ್ಮುಲಾ ತ್ರೀ ವರ್ಗಗಳಲ್ಲಿ ಅವರು ಸ್ಪರ್ಧಿಸಿದರು. ವೇಗದ ಜೊತೆಗೆ ಅಪಘಾತಗಳೂ ಅವರನ್ನು ಹಿಂಬಾಲಿಸಿದವು. 1970ರ ಅಕ್ಟೋಬರಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಪಥದಲ್ಲಿ ನಡೆದ ಫಾರ್ಮುಲಾ ತ್ರೀ ಓಟದ ಕೊನೆಯ ಸುತ್ತಿನಲ್ಲಿ ಡೇವ್ ಮೋರ್ಗನ್ ಎಂಬ ಚಾಲಕರ ಕಾರು ಹಂಟ್ ಅವರ ಕಾರಿಗೆ ಡಿಕ್ಕಿಯಾಯಿತು. ಹಂಟ್ ಕಾರಿನಿಂದಿಳಿದು ಓಡಿಹೋಗಿ ಮೋರ್ಗನ್ ಅವರನ್ನು ಹೊಡೆದು ಕೆಡವಿದರು. ದೂರದರ್ಶನದ ಕ್ಯಾಮೆರಾ ಇದನ್ನೆಲ್ಲ ಸೆರೆಹಿಡಿಯಿತು. ರಾಯಲ್ ಆಟೊಮೊಬೈಲ್ ಕ್ಲಬ್ಬಿನ ವಿಚಾರಣಾ ಮಂಡಳಿ ಮೋರ್ಗನ್ ಅವರಿಗೆ ಹನ್ನೆರಡು ತಿಂಗಳ ನಿಷೇಧ ವಿಧಿಸಿತು. ಹೊಡೆದ ಹಂಟ್ ನಿರ್ದೋಷಿಯಾಗಿ ಹೊರಬಂದರು. ಅಧಿಕಾರಿಗಳ ತೀರ್ಪಿನಿಂದ ಲಾಭ ಪಡೆದ ಪ್ರಸಂಗಗಳೂ ಅವರ ಬದುಕಿನಲ್ಲಿದ್ದವು ಎಂಬುದನ್ನು ಮರೆಯುವಂತಿಲ್ಲ.

ಹೆಸ್ಕೆತ್ ತಂಡ

ಲಾರ್ಡ್ ಹೆಸ್ಕೆತ್ ಎಂಬ ಯುವ ಶ್ರೀಮಂತರು ಸ್ವಂತ ಹಣದಿಂದ ಕಟ್ಟಿದ ತಂಡ ಹಂಟ್ ಅವರನ್ನು ಫಾರ್ಮುಲಾ ಒನ್‌ಗೆ ಕರೆತಂದಿತು. 1973ರ ಮೊನಾಕೊ ಗ್ರ್ಯಾನ್ ಪ್ರಿ ಅವರ ಮೊದಲ ಓಟ. ಜಾಹೀರಾತುಗಳಿಲ್ಲದ ಬಿಳಿಯ ಕಾರು, ಮೋಜಿನ ಕೂಟಗಳು ಇವುಗಳಿಂದಾಗಿ ಈ ತಂಡವನ್ನು ಮೊದಮೊದಲು ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ. 1975ರ ಡಚ್ ಗ್ರ್ಯಾನ್ ಪ್ರಿಯಲ್ಲಿ ಹಂಟ್ ಅವರು ಫೆರಾರಿಯ ಲೌಡಾ ಅವರನ್ನು ಹಿಂದಿಕ್ಕಿ ಗೆದ್ದಾಗ ಈ ಅಭಿಪ್ರಾಯ ಬದಲಾಯಿತು. ಅದೇ ವರ್ಷದ ಕೊನೆಗೆ ಹೆಸ್ಕೆತ್ ಅವರ ಹಣ ಮುಗಿಯಿತು. ಎಮರ್ಸನ್ ಫಿಟಿಪಾಲ್ಡಿ ಮೆಕ್ಲಾರೆನ್ ತೊರೆದುದರಿಂದ ತೆರವಾದ ಸ್ಥಾನ ಹಂಟ್ ಅವರಿಗೆ ದೊರೆಯಿತು.

1976ರ ಋತು

ಆ ಕಾಲದಲ್ಲಿ ಪ್ರತಿ ಓಟದ ಮೊದಲ ಆರು ಮಂದಿಗೆ ಕ್ರಮವಾಗಿ 9, 6, 4, 3, 2, 1 ಅಂಕಗಳು ಸಲ್ಲುತ್ತಿದ್ದವು. ಒಬ್ಬ ವಿಜೇತನನ್ನು ಅನರ್ಹಗೊಳಿಸಿದರೆ ಆತ ಒಂಬತ್ತು ಅಂಕ ಕಳೆದುಕೊಳ್ಳುವುದಷ್ಟೇ ಅಲ್ಲದೆ, ಎರಡನೆಯವನಿಗೆ ಮೂರು ಅಂಕ ಹೆಚ್ಚುತ್ತಿತ್ತು. ಪೈಪೋಟಿ ಇಬ್ಬರ ನಡುವೆಯೇ ಇದ್ದಾಗ ಇದು ಒಟ್ಟು ಹನ್ನೆರಡು ಅಂಕಗಳ ಏರುಪೇರು. ಮುಂದಿನ ಘಟನೆಗಳನ್ನು ಅರಿಯಲು ಈ ಲೆಕ್ಕ ಅಗತ್ಯ.

ಮೇ 2ರಂದು ಹರಾಮಾದಲ್ಲಿ ನಡೆದ ಸ್ಪ್ಯಾನಿಷ್ ಗ್ರ್ಯಾನ್ ಪ್ರಿಯಲ್ಲಿ ಹಂಟ್ ಮೊದಲಿಗರಾದರು, ಲೌಡಾ ಎರಡನೆಯವರು. ಕಾರುಗಳ ಅಳತೆಯ ಕುರಿತ ಹೊಸ ನಿಯಮಗಳು ಅದರ ಹಿಂದಿನ ದಿನವಷ್ಟೇ ಜಾರಿಗೆ ಬಂದಿದ್ದವು. ಓಟದ ಬಳಿಕ ಅಳೆದಾಗ ಮೆಕ್ಲಾರೆನ್ ಕಾರು ಹಿಂದಿನ ಚಕ್ರಗಳ ಬಳಿ ಮಿತಿಗಿಂತ 1.8 ಸೆಂ.ಮೀ. ಅಗಲವಾಗಿರುವುದು ಕಂಡುಬಂತು. ಹಂಟ್ ಅನರ್ಹರಾದರು, ಗೆಲುವು ಲೌಡಾ ಅವರ ಪಾಲಾಯಿತು. ಅಗಲದ ಆ ಮಿತಿಯನ್ನು ನಿಗದಿಪಡಿಸಿದ್ದು ಅತ್ಯಂತ ಅಗಲವಾಗಿದ್ದ ಮೆಕ್ಲಾರೆನ್ ಕಾರಿನ ಅಳತೆಯನ್ನೇ ಆಧರಿಸಿ. ಆಮೇಲೆ ಬಂದ ಟೈರುಗಳು ಹೆಚ್ಚು ಉಬ್ಬಿಕೊಳ್ಳುತ್ತಿದ್ದುದನ್ನು ತಂಡ ಗಮನಿಸಿರಲಿಲ್ಲ.

ಇಲ್ಲಿ ಎರಡು ಪ್ರಶ್ನೆಗಳಿದ್ದವು. ನಿಯಮ ಮುರಿದಿದೆಯೇ ಎಂಬುದು ಮೊದಲನೆಯದು. ಅದಕ್ಕೆ ಅಳತೆಪಟ್ಟಿಯೇ ಉತ್ತರ ಹೇಳುತ್ತಿತ್ತು. ಅಷ್ಟು ಸಣ್ಣ ವ್ಯತ್ಯಾಸದಿಂದ ಕಾರಿಗೆ ವೇಗ ದೊರೆಯದಿದ್ದರೂ ಇಡೀ ಗೆಲುವನ್ನೇ ರದ್ದುಗೊಳಿಸಬಹುದೇ ಎಂಬುದು ಎರಡನೆಯದು. ಜುಲೈ ತಿಂಗಳಲ್ಲಿ ಮೇಲ್ಮನವಿ ನ್ಯಾಯಮಂಡಳಿ ತಪ್ಪಿಗೂ ಶಿಕ್ಷೆಗೂ ತಾಳೆಯಿಲ್ಲವೆಂಬ ವಾದವನ್ನು ಒಪ್ಪಿತು. ಗೆಲುವನ್ನು ಹಂಟ್ ಅವರಿಗೆ ಮರಳಿಸಿ, ತಂಡಕ್ಕೆ 3,000 ಡಾಲರ್ ದಂಡ ವಿಧಿಸಿತು. ಈ ನಡುವಿನ ಎರಡು ತಿಂಗಳಲ್ಲಿ ಇನ್ನೊಂದು ನಷ್ಟ ಆಗಿಹೋಗಿತ್ತು. ನಿಯಮ ಪಾಲನೆಗಾಗಿ ಕಾರನ್ನು ಬದಲಾಯಿಸುವಾಗ ಆಯಿಲ್ ಕೂಲರ್‌ಗಳ ಸ್ಥಾನವನ್ನೂ ಬದಲಿಸಿದ್ದರಿಂದ ಕಾರಿನ ವೇಗವೇ ಕುಂದಿತ್ತು. ಕಾರಣ ಪತ್ತೆಯಾಗಿ ಅವು ಹಳೆಯ ಜಾಗಕ್ಕೆ ಮರಳಿದ ಮೇಲೆ ಹಂಟ್ ಫ್ರೆಂಚ್ ಗ್ರ್ಯಾನ್ ಪ್ರಿ ಗೆದ್ದರು. ಫೆರಾರಿ ತಂಡಕ್ಕೆ ಸ್ಪೇನ್ ತೀರ್ಪಿನ ಮೇಲೆ ಕಹಿ ಉಳಿಯಿತು.

ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಜುಲೈ 18ರಂದು ನಡೆದ ಬ್ರಿಟಿಷ್ ಗ್ರ್ಯಾನ್ ಪ್ರಿಯ ವಿವಾದ ಇದಕ್ಕಿಂತ ಜಟಿಲವಾದುದು. ಓಟ ಆರಂಭವಾಗಿ ಮೊದಲ ತಿರುವಿಗೆ ಬರುವಷ್ಟರಲ್ಲಿ ಫೆರಾರಿಯ ಇಬ್ಬರು ಚಾಲಕರಾದ ಲೌಡಾ ಮತ್ತು ಕ್ಲೇ ರೆಗಾಝೊನಿ ಅವರ ಕಾರುಗಳು ಒಂದಕ್ಕೊಂದು ತಾಗಿದವು. ಹಿಂದಿದ್ದ ಹಂಟ್ ಅವರ ಕಾರೂ ಅದರಲ್ಲಿ ಸಿಲುಕಿ ಸಸ್ಪೆನ್ಶನ್ ಮುರಿಯಿತು. ಅಧಿಕಾರಿಗಳು ಕೆಂಪು ಬಾವುಟ ತೋರಿಸಿ ಓಟವನ್ನು ನಿಲ್ಲಿಸಿದರು. ಹಂಟ್ ಸುತ್ತನ್ನು ಪೂರ್ಣಗೊಳಿಸದೆ, ಒಳದಾರಿಯೊಂದರ ಮೂಲಕ ಕುಂಟುತ್ತಿದ್ದ ಕಾರನ್ನು ಪಿಟ್‌ಗೆ ತಂದರು. ಅವರಿಗೆ, ರೆಗಾಝೊನಿ ಅವರಿಗೆ ಮತ್ತು ಜಾಕ್ ಲಫೀಟ್ ಅವರಿಗೆ ಮರು ಓಟದಲ್ಲಿ ಅವಕಾಶವಿಲ್ಲವೆಂದು ಘೋಷಣೆಯಾಯಿತು. ತವರಿನ ಪ್ರೇಕ್ಷಕರು ಕೆರಳಿ ಗದ್ದಲ ಎಬ್ಬಿಸಿದರು. ಬಿಯರ್ ಡಬ್ಬಿಗಳು ಪಥಕ್ಕೆ ಬಿದ್ದವು. ಚರ್ಚೆ ಎಳೆದಾಡುತ್ತಿದ್ದಾಗ ಮೆಕ್ಲಾರೆನ್ ಕೆಲಸಗಾರರು ಹಂಟ್ ಅವರ ಮೂಲ ಕಾರನ್ನೇ ದುರಸ್ತಿ ಮಾಡಿ ಮುಗಿಸಿದರು. ಕೊನೆಗೆ ಮೂವರಿಗೂ ಅವಕಾಶ ದೊರೆಯಿತು. ಗಿಯರ್ ಪೆಟ್ಟಿಗೆಯ ತೊಂದರೆಯಿಂದ ಬಳಲುತ್ತಿದ್ದ ಲೌಡಾ ಅವರನ್ನು ದಾಟಿ ಹಂಟ್ ಗೆದ್ದರು.

ಓಟ ನಿಂತ ಗಳಿಗೆಯಲ್ಲಿ ಹಂಟ್ ಓಟದಲ್ಲಿ ಇದ್ದರೇ, ಅಥವಾ ಅದಾಗಲೇ ಹೊರಬಿದ್ದಿದ್ದರೇ? ಇಡೀ ವಿವಾದದ ತಿರುಳು ಇಷ್ಟೇ. ಬಾವುಟ ಬಂದಾಗ ಕಾರು ಚಲಿಸುತ್ತಿತ್ತು ಎಂದು ಮೆಕ್ಲಾರೆನ್ ವಾದಿಸಿತು. ಸುತ್ತು ಮುಗಿಸದೆ ಒಳದಾರಿ ಹಿಡಿದವನಿಗೆ ಮರು ಓಟದ ಹಕ್ಕಿಲ್ಲ ಎಂಬುದು ಫೆರಾರಿಯ ನಿಲುವು. ಬ್ರಿಟನ್ನಿನಲ್ಲಿ ಫೆರಾರಿಯ ದೂರು ತಿರಸ್ಕೃತವಾಯಿತು. ಸೆಪ್ಟೆಂಬರ್ 24ರಂದು ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿದು ಹಂಟ್ ಅವರನ್ನು ಅನರ್ಹಗೊಳಿಸಿತು. ಪ್ರೇಕ್ಷಕರ ಗದ್ದಲಕ್ಕೆ ಮಣಿದು ಅಧಿಕಾರಿಗಳು ಮೊದಲಿನ ತೀರ್ಮಾನವನ್ನು ಬದಲಿಸಿದರು ಎಂಬ ಅನುಮಾನವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಗೆದ್ದವರು ಯಾರೆಂದು ತಿಳಿಯಲು ಎರಡು ತಿಂಗಳಿಗೂ ಹೆಚ್ಚು ಕಾಲ ಕಾಯಬೇಕಾಗಿ ಬಂದುದು ಯಾವ ಚಾಲಕನಿಗೂ ನ್ಯಾಯವೆನಿಸದು.

ಈ ನಡುವೆ ಆಗಸ್ಟ್ 1ರಂದು ನ್ಯೂರ್ಬರ್ಗ್‌ರಿಂಗ್‌ನಲ್ಲಿ ಲೌಡಾ ಅವರ ಕಾರಿಗೆ ಬೆಂಕಿ ಹೊತ್ತಿ ಅವರು ಸಾವಿನಂಚಿಗೆ ಹೋಗಿದ್ದರು. ಆರು ವಾರಗಳಲ್ಲೇ ಸುಟ್ಟ ಗಾಯಗಳೊಡನೆ ಅವರು ಇಟಲಿಯ ಮೊಂಜಾದಲ್ಲಿ ಮತ್ತೆ ಕಾರು ಏರಿ ನಾಲ್ಕನೆಯವರಾದುದು ಈ ಕ್ರೀಡೆಯ ಅಸಾಮಾನ್ಯ ಸಾಹಸಗಳಲ್ಲೊಂದು. ಅದೇ ಮೊಂಜಾದಲ್ಲಿ ಮೆಕ್ಲಾರೆನ್ ಕಾರುಗಳ ಇಂಧನದ ಆಕ್ಟೇನ್ ಪ್ರಮಾಣ ಮಿತಿ ಮೀರಿದೆಯೆಂದು ಅಧಿಕಾರಿಗಳು ಹಂಟ್ ಅವರ ಶನಿವಾರದ ಅರ್ಹತಾ ಸಮಯವನ್ನು ರದ್ದುಪಡಿಸಿದರು. ಶುಕ್ರವಾರ ಮಳೆಯಾಗಿದ್ದರಿಂದ ಆ ದಿನದ ಸಮಯ ನೆರವಿಗೆ ಬರಲಿಲ್ಲ. ಹಿಂದಿನ ಸಾಲಿನಿಂದ ಹೊರಟ ಹಂಟ್ ಓಟವನ್ನು ಮುಗಿಸಲಿಲ್ಲ.

ಮೊಂಜಾದ ನಂತರ ಲೌಡಾ 61, ಹಂಟ್ 56 ಅಂಕಗಳಲ್ಲಿದ್ದರು. ಪ್ಯಾರಿಸ್ ತೀರ್ಪು ಈ ಐದರ ಅಂತರವನ್ನು ಹದಿನೇಳಕ್ಕೆ ಏರಿಸಿತು: 64 ಮತ್ತು 47. ಉಳಿದಿದ್ದುದು ಮೂರೇ ಓಟಗಳು. ಹಂಟ್ ಕೆನಡಾ ಮತ್ತು ಅಮೆರಿಕದಲ್ಲಿ ಸತತವಾಗಿ ಗೆದ್ದರು. ಅಕ್ಟೋಬರ್ 24ರಂದು ಜಪಾನಿನ ಫ್ಯೂಜಿಯಲ್ಲಿ ಸುರಿಮಳೆಯ ನಡುವೆ ಕೊನೆಯ ಓಟ ನಡೆಯಿತು. ಲೌಡಾ ಇಂಥ ಮಳೆಯಲ್ಲಿ ಕಾರು ಓಡಿಸುವುದು ಹುಚ್ಚುತನವೆಂದು ಬಗೆದು ಎರಡು ಸುತ್ತುಗಳ ಬಳಿಕ ಹಿಂದೆ ಸರಿದರು. ಮುಂದಿದ್ದ ಹಂಟ್ ಅವರ ಟೈರು ಕೊನೆಯ ಸುತ್ತುಗಳಲ್ಲಿ ಪಂಕ್ಚರ್ ಆಯಿತು. ಟೈರು ಬದಲಿಸಿಕೊಂಡು ಐದನೆಯವರಾಗಿ ಹೊರಬಂದ ಅವರು ಇಬ್ಬರನ್ನು ದಾಟಿ ಮೂರನೆಯವರಾದರು. ತಾವು ಎಷ್ಟನೆಯ ಸ್ಥಾನದಲ್ಲಿದ್ದೇವೆಂಬುದು ಅವರಿಗೇ ತಿಳಿದಿರಲಿಲ್ಲ. ಸೋತೆನೆಂದು ಭಾವಿಸಿ ತಂಡದ ಮುಖ್ಯಸ್ಥ ಟೆಡ್ಡಿ ಮೇಯರ್ ಅವರ ಮೇಲೆ ಹರಿಹಾಯ್ದರು. ಅಂತಿಮ ಲೆಕ್ಕ: ಹಂಟ್ 69, ಲೌಡಾ 68.

ಸ್ಪೇನಿನ ಅನರ್ಹತೆ ಊರ್ಜಿತವಾಗಿದ್ದರೆ ಲೌಡಾ 71, ಹಂಟ್ 60 ಅಂಕಗಳೊಂದಿಗೆ ಋತು ಮುಗಿಯುತ್ತಿತ್ತು. ಬ್ರ್ಯಾಂಡ್ಸ್ ಹ್ಯಾಚ್ ಗೆಲುವು ಉಳಿದಿದ್ದರೆ ಹಂಟ್ 78, ಲೌಡಾ 65. ಹಂಟ್ ಅವರು ಅಧಿಕಾರಿಗಳಿಂದ ಅನ್ಯಾಯಕ್ಕೊಳಗಾದರು ಎಂದು ಇಂಗ್ಲೆಂಡಿನ ಅಭಿಮಾನಿಗಳು ಹೇಳುವುದುಂಟು. ಪಟ್ಟ ಅವರಿಗೆ ದಕ್ಕಿದುದೂ ಅಧಿಕಾರಿಗಳ ಒಂದು ತೀರ್ಪಿನಿಂದಲೇ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಪಟ್ಟದ ನಂತರ

1977ರಲ್ಲಿ ಹಂಟ್ ಮೂರು ಓಟಗಳನ್ನು ಗೆದ್ದರು. ಆದರೆ ಅಧಿಕಾರಿಗಳೊಡನೆ ಸಂಘರ್ಷ ಮುಂದುವರಿಯಿತು. ಕೆನಡಾದಲ್ಲಿ ಸಹ ಚಾಲಕ ಯೋಖೆನ್ ಮಾಸ್ ಅವರೊಡನೆ ಡಿಕ್ಕಿಯಾಗಿ ಹೊರಬಿದ್ದ ಕೋಪದಲ್ಲಿ, ತಮ್ಮನ್ನು ಪಥದಿಂದ ದೂರ ಕರೆದೊಯ್ಯಲು ಬಂದ ಮಾರ್ಷಲ್ ಒಬ್ಬರನ್ನು ಗುದ್ದಿದರು. ಅದಕ್ಕೆ 2,000 ಡಾಲರ್, ಅಪಾಯಕಾರಿಯಾಗಿ ನಡೆದು ಬಂದುದಕ್ಕೆ 750 ಡಾಲರ್ ದಂಡ ತೆತ್ತರು. ಮಾರ್ಷಲ್‌ಗಳು ಈ ಕ್ರೀಡೆಯಲ್ಲಿ ಚಾಲಕರ ಪ್ರಾಣ ಕಾಯುವ ಸ್ವಯಂಸೇವಕರು ಎಂಬುದನ್ನು ನೆನೆದರೆ ಈ ದಂಡ ಹಗುರವೆಂದೇ ತೋರುತ್ತದೆ. ಜಪಾನಿನಲ್ಲಿ ಗೆದ್ದೂ ಬಹುಮಾನ ವೇದಿಕೆಗೆ ಬಾರದೆ ಹೊರಟುಹೋದುದಕ್ಕೆ ದಂಡ 20,000 ಡಾಲರ್.

ಮೊಂಜಾ 1978 ಮತ್ತು ಪಾಟ್ರೇಸೆ ಪ್ರಕರಣ

1978ರ ಸೆಪ್ಟೆಂಬರ್ 10ರಂದು ಇಟಾಲಿಯನ್ ಗ್ರ್ಯಾನ್ ಪ್ರಿಯ ಆರಂಭದಲ್ಲಿ ಹಿಂದಿನ ಸಾಲಿನ ಕಾರುಗಳು ಪೂರ್ತಿ ನಿಲ್ಲುವ ಮುನ್ನವೇ ಹಸಿರು ದೀಪ ಬೆಳಗಿತು. ಚಲಿಸುತ್ತಲೇ ಇದ್ದ ಹಿಂದಿನವರು ವೇಗವಾಗಿ ಮುನ್ನುಗ್ಗಿ, ಪಥ ಕಿರಿದಾಗುವ ಕಡೆ ಕಾರುಗಳು ಒತ್ತೊತ್ತಾಗಿ ಸೇರಿದವು. ಹಂಟ್ ಅವರ ಮೆಕ್ಲಾರೆನ್ ಸ್ವೀಡನ್ನಿನ ರೋನಿ ಪೀಟರ್ಸನ್ ಅವರ ಲೋಟಸ್‌ಗೆ ತಾಗಿತು. ಲೋಟಸ್ ತಡೆಬೇಲಿಗೆ ಅಪ್ಪಳಿಸಿ ಹೊತ್ತಿಕೊಂಡಿತು. ಹಂಟ್ ಅವರು ರೆಗಾಝೊನಿ ಮತ್ತು ಪ್ಯಾಟ್ರಿಕ್ ಡೆಪಾಯೆ ಅವರೊಡಗೂಡಿ ಪೀಟರ್ಸನ್ ಅವರನ್ನು ಉರಿಯುವ ಕಾರಿನಿಂದ ಹೊರಗೆಳೆದರು. ಕಾಲುಗಳಿಗೆ ತೀವ್ರ ಗಾಯಗಳಾಗಿದ್ದ ಪೀಟರ್ಸನ್ ಮರುದಿನ ಆಸ್ಪತ್ರೆಯಲ್ಲಿ ನಿಧನರಾದರು.

ಇಟಲಿಯ ತರುಣ ಚಾಲಕ ರಿಕಾರ್ಡೊ ಪಾಟ್ರೇಸೆ ಬಲಗಡೆಯಿಂದ ನುಗ್ಗಿ ತಮ್ಮನ್ನು ಎಡಕ್ಕೆ ತಳ್ಳಿದ್ದೇ ದುರಂತಕ್ಕೆ ಕಾರಣವೆಂದು ಹಂಟ್ ದೃಢವಾಗಿ ನಂಬಿದರು. ಪಾಟ್ರೇಸೆ ಇದನ್ನು ನಿರಾಕರಿಸಿದರು. ಆ ವರ್ಷ ಪಾಟ್ರೇಸೆ ಅವರ ಒರಟು ಚಾಲನೆಯ ಬಗ್ಗೆ ಹಿರಿಯ ಚಾಲಕರಲ್ಲಿ ಅದಾಗಲೇ ಅಸಮಾಧಾನವಿತ್ತು. ಹಂಟ್, ಲೌಡಾ, ಮಾರಿಯೋ ಆಂಡ್ರೆಟ್ಟಿ, ಫಿಟಿಪಾಲ್ಡಿ ಮತ್ತು ಜೋಡಿ ಶೆಕ್ಟರ್ ಅವರಿದ್ದ ಚಾಲಕರ ಸಮಿತಿ ಒತ್ತಡ ಹೇರಿ, ಮುಂದಿನ ಅಮೆರಿಕದ ಓಟದಿಂದ ಪಾಟ್ರೇಸೆ ಅವರನ್ನು ಹೊರಗಿಡಿಸಿತು. ಸ್ಪೇನ್ ಮತ್ತು ಬ್ರ್ಯಾಂಡ್ಸ್ ಹ್ಯಾಚ್ ಪ್ರಕರಣಗಳಲ್ಲಿ ಹಂಟ್ ಅವರಿಗೆ ವಾದ ಮಂಡಿಸುವ ಅವಕಾಶವೂ ಮೇಲ್ಮನವಿಯ ದಾರಿಯೂ ಇದ್ದವು. ಪಾಟ್ರೇಸೆ ಅವರಿಗೆ ಎದುರಾದ ಸಮಿತಿಯಲ್ಲಿ ಅಪಘಾತದಲ್ಲಿ ಭಾಗಿಯಾಗಿದ್ದವರೇ ತೀರ್ಪುಗಾರರಾಗಿದ್ದರು. ಪಾಟ್ರೇಸೆ ಮತ್ತು ಓಟದ ಆರಂಭಕ್ಕೆ ಹೊಣೆಯಾಗಿದ್ದ ಅಧಿಕಾರಿಯ ಮೇಲೆ ಇಟಲಿಯ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆದು, 1981ರಲ್ಲಿ ಇಬ್ಬರೂ ದೋಷಮುಕ್ತರಾದರು.

ನಿವೃತ್ತಿ ಮತ್ತು ವೀಕ್ಷಕ ವಿವರಣೆ

1979ರಲ್ಲಿ ವುಲ್ಫ್ ತಂಡವನ್ನು ಸೇರಿದ ಹಂಟ್, ಮೊನಾಕೊ ಓಟದ ಬಳಿಕ ಋತುವಿನ ಮಧ್ಯದಲ್ಲೇ ನಿವೃತ್ತರಾದರು. ಒಟ್ಟು 92 ಗ್ರ್ಯಾನ್ ಪ್ರಿ ಓಟಗಳಲ್ಲಿ 10 ಗೆಲುವು, 14 ಪೋಲ್ ಸ್ಥಾನ ಅವರ ಗಳಿಕೆ. 1980ರಿಂದ ಬಿಬಿಸಿಯಲ್ಲಿ ಮುರೇ ವಾಕರ್ ಅವರೊಡನೆ ವಿವರಣೆಗಾರರಾದರು. ವಾಕರ್ ಅವರ ಉತ್ಸಾಹಕ್ಕೆ ಹಂಟ್ ಅವರ ನಿಷ್ಠುರ ವಿಶ್ಲೇಷಣೆ ಒಳ್ಳೆಯ ಜೋಡಿಯಾಯಿತು. ಹಿಂದೆ ಬಿದ್ದ ಕಾರುಗಳು ಮುಂದಿನವರಿಗೆ ದಾರಿ ಬಿಡದಿದ್ದರೆ ಅವರು ಮುಲಾಜಿಲ್ಲದೆ ಟೀಕಿಸುತ್ತಿದ್ದರು. ಪಾಟ್ರೇಸೆ ಅವರ ಮೇಲಿನ ಆರೋಪವನ್ನು ಮಾತ್ರ ನ್ಯಾಯಾಲಯದ ತೀರ್ಪಿನ ನಂತರವೂ ಅವರು ಕೈಬಿಡಲಿಲ್ಲ. ವರ್ಷಗಟ್ಟಲೆ ಧ್ವನಿವರ್ಧಕದ ಮುಂದೆ ಅದು ಮರುಕಳಿಸಿತು. ಹಂಟ್ ಕೊನೆಯದಾಗಿ ವಿವರಣೆ ನೀಡಿದ 1993ರ ಜೂನ್ 13ರ ಕೆನಡಾ ಓಟದಲ್ಲಿ ಪಾಟ್ರೇಸೆ ಬೆನೆಟನ್ ತಂಡದ ಚಾಲಕರಾಗಿ ಇನ್ನೂ ಸ್ಪರ್ಧಿಸುತ್ತಿದ್ದರು.

ವೈಯಕ್ತಿಕ ಬದುಕು ಮತ್ತು ನಿಧನ

ಹಂಟ್ ಅವರು 1974ರಲ್ಲಿ ಸೂಜಿ ಮಿಲ್ಲರ್ ಅವರನ್ನೂ, 1983ರಲ್ಲಿ ಸಾರಾ ಲೋಮ್ಯಾಕ್ಸ್ ಅವರನ್ನೂ ವಿವಾಹವಾದರು. ಎರಡೂ ವಿವಾಹಗಳು ವಿಚ್ಛೇದನದಲ್ಲಿ ಕೊನೆಗೊಂಡವು. ಎರಡನೆಯ ವಿವಾಹದಿಂದ ಇಬ್ಬರು ಪುತ್ರರು. ಮದ್ಯಪಾನ ಮತ್ತು ವಿಲಾಸಕ್ಕೆ ಹೆಸರಾಗಿದ್ದ ಅವರು ಕೊನೆಯ ವರ್ಷಗಳಲ್ಲಿ ಸರಳವಾಗಿ ಬದುಕಿದರು. ಬಜರಿಗರ್ ಗಿಳಿಗಳನ್ನು ಸಾಕುವುದು ಅವರ ಹವ್ಯಾಸವಾಗಿತ್ತು. 1993ರ ಜೂನ್ 15ರಂದು ಲಂಡನ್ನಿನ ವಿಂಬಲ್ಡನ್‌ನ ತಮ್ಮ ಮನೆಯಲ್ಲಿ ಹೃದಯಾಘಾತದಿಂದ ನಿಧನರಾದಾಗ ಅವರಿಗೆ 45 ವರ್ಷ. 1976ರ ಋತುವನ್ನು ಆಧರಿಸಿ ರಾನ್ ಹೊವಾರ್ಡ್ ನಿರ್ದೇಶಿಸಿದ ‘ರಷ್’ ಚಲನಚಿತ್ರ 2013ರಲ್ಲಿ ತೆರೆಕಂಡಿತು. ಅದರಲ್ಲಿ ಹಂಟ್ ಪಾತ್ರವನ್ನು ಕ್ರಿಸ್ ಹೆಮ್ಸ್‌ವರ್ತ್ ವಹಿಸಿದ್ದಾರೆ.