ಮೊದಲನೆಯ ಸಾಲಾರ್‌ಜಂಗರು

ಹೈದರಾಬಾದು ಸಂಸ್ಥಾನದ ದಿವಾನರಾಗಿದ್ದ ಮೀರ್ ತುರಾಬ್ ಅಲಿ ಖಾನರು, ಎಂದರೆ ಮೊದಲನೆಯ ಸಾಲಾರ್‌ಜಂಗರು, ಅರಾಜಕತೆಯನ್ನು ಅಡಗಿಸಿದ ರಾಜಕಾರಣಿಗಳೆಂದು ಕೆಲವರ ಮತ. ನಾಡನ್ನು ರಾಜಧಾನಿಯ ಕಚೇರಿಗೂ ಪರದೇಶದ ಕಂಪನಿಗೂ ಅಧೀನಗೊಳಿಸಿದವರೆಂದು ಮತ್ತೆ ಕೆಲವರ ಮತ. ಅವರು ಆಳಿದ ಕಲಬುರ್ಗಿ ಸೀಮೆಯ ನಾವು ಇವೆರಡನ್ನೂ ತೂಗಿ ನೋಡುವುದು ಉಚಿತವಾಗಿದೆ.

1829ರಲ್ಲಿ ಜನಿಸಿದ ಅವರು 1853ರ ಮೇ ತಿಂಗಳಲ್ಲಿ, 24ನೆಯ ವಯಸ್ಸಿನಲ್ಲಿ, ದಿವಾನಗಿರಿಗೆ ಬಂದರು. ಅದೇ ತಿಂಗಳು ಸಾಲದ ನೆವದಿಂದ ವರಾಡ, ರಾಯಚೂರು ದೋಆಬು, ನಳದುರ್ಗಗಳು ಇಂಗ್ಲಿಷರ ವಶವಾಗಿದ್ದವು. ಉಳಿದ ಸೀಮೆಯ ಕಂದಾಯವು ಗುತ್ತಿಗೆದಾರರ ಮತ್ತು ಅರಬ ಜಮಾದಾರರ ಕೈಸೇರಿತ್ತು.

1857ರ ಸಂಗ್ರಾಮದಲ್ಲಿ ಅವರು ಸಂಸ್ಥಾನವನ್ನು ಇಂಗ್ಲಿಷರ ಪಕ್ಷದಲ್ಲಿಯೇ ನಿಲ್ಲಿಸಿದರು. ಜುಲೈ 17ರಂದು ತುರ್ರೇಬಾಜ ಖಾನನೂ ಮೌಲ್ವಿ ಅಲಾವುದ್ದೀನನೂ ರೆಸಿಡೆನ್ಸಿಯ ಮೇಲೆ ಮಾಡಿದ ದಾಳಿಯು ವಿಫಲವಾಯಿತು. ಮರುವರ್ಷ ಸೋತು ಹೈದರಾಬಾದಿಗೆ ಬಂದ ಸುರಪುರದ ವೆಂಕಟಪ್ಪ ನಾಯಕರನ್ನು ದಿವಾನರು ಹಿಡಿಸಿ ಇಂಗ್ಲಿಷರಿಗೆ ಒಪ್ಪಿಸಿದರು. 1860ರಲ್ಲಿ ರಾಯಚೂರು, ನಳದುರ್ಗಗಳು ಮರಳಿ ಬಂದವು. ಸುರಪುರವೂ ನಿಜಾಮರ ಪಾಲಾಯಿತು. ಈ ಲಾಭದ ಬೆಲೆಯನ್ನು ಕನ್ನಡಿಗರು ಮರೆಯುವಂತಿಲ್ಲ.

ಯುದ್ಧದಿಂದ ಬಲಗೊಂಡ ಕೈಯಿಂದಲೇ ಅವರು ಆಡಳಿತವನ್ನು ಕಟ್ಟಿದರು. 1865ರ ಜಿಲ್ಲಾಬಂದಿಯಿಂದ ಗುತ್ತಿಗೆದಾರರು ಹೋಗಿ ಸಂಬಳದ ತಾಲ್ಲೂಕ್‌ದಾರರೂ ತಹಶೀಲ್ದಾರರೂ ಬಂದರು. 1868ರಲ್ಲಿ ನ್ಯಾಯ, ಕಂದಾಯ, ಪೋಲೀಸು ಮೊದಲಾದವುಗಳಿಗೆ ನಾಲ್ವರು ಸದರುಲ್‌ಮಹಾಮರು ನೇಮಕವಾದರು. ರೈತನನ್ನು ಸುಲಿಯುತ್ತಿದ್ದ ಹಲವು ಕೈಗಳಿಗೆ ಬದಲಾಗಿ ಲೆಕ್ಕ ಒಪ್ಪಿಸಬೇಕಾದ ಒಂದು ಕೈ ಬಂದುದು ಒಳಿತೇ ಸರಿ. ಆದರೆ ಪೈಗಾ, ಜಾಗೀರುಗಳು ಈ ವ್ಯವಸ್ಥೆಯ ಹೊರಗುಳಿದವು. ಆಡಳಿತದ ಭಾಷೆಯು ಪಾರ್ಸಿಯೇ ಆಗಿದ್ದುದರಿಂದ ಸೇಡಂ, ಚಿಂಚೋಳಿಗಳ ರೈತನಿಗೆ ತನ್ನ ಮೇಲಿನ ಹುಕುಮನ್ನು ಓದುವುದೂ ಅಸಾಧ್ಯವಾಗಿತ್ತು.

ಇನ್ನು ರೈಲಿನ ಮಾತು. ಬೊಂಬಾಯಿಯ ದಾರಿಯು ಶಹಾಬಾದಿನ ಮೂಲಕ ವಾಡಿಗೆ ಬಂದಿತ್ತು. ಅಲ್ಲಿಂದ ಚಿತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ಹೋಗುವ ದಾರಿಯು 1874ರಲ್ಲಿ ತೆರೆಯಿತು; ಚಿಂಚೋಳಿಯು ದೂರವೇ ಉಳಿಯಿತು. ಒತ್ತಾಯವು ಇಂಗ್ಲಿಷರದು, ಹಣವು ನಿಜಾಮ ಸರಕಾರದ್ದು. ದಾರಿಯನ್ನು ಲಂಡನ್ನಿನ ಬಂಡವಾಳಗಾರರಿಗೆ ಒಪ್ಪಿಸಿ ಚಾಂದಾವರೆಗೆ ಬೆಳೆಸುವ ಮಾತುಕತೆಯು ದಿವಾನರ ಕಾಲದಲ್ಲಿಯೇ ಮೊದಲಾಯಿತು. 1883ರ ಫೆಬ್ರುವರಿ 8ರಂದು ಅವರು ಕಾಲರಾದಿಂದ ತೀರಿಕೊಂಡರು. ಅದೇ ವರ್ಷ ಡಿಸೆಂಬರಿನಲ್ಲಿ ಕರಾರು ಮುಗಿದು, ಕಂಪನಿಯ ಬಂಡವಾಳಕ್ಕೆ 20 ವರ್ಷಗಳವರೆಗೆ ಶೇಕಡಾ 5ರ ಬಡ್ಡಿಯ ಹೊಣೆಯನ್ನು ಸರಕಾರವು ಹೊತ್ತಿತು. ಕರಾರಿನ ವಿವರವನ್ನು ಪ್ರಜೆಗಳ ಮುಂದಿಡಬೇಕೆಂದು ಹೋರಾಡಿದ ಅಘೋರನಾಥ ಚಟ್ಟೋಪಾಧ್ಯಾಯರಿಗೆ ಗಡಿಪಾರೇ ಉತ್ತರವಾಯಿತು. ದಾರಿಯು ಮತ್ತೆ ಸಂಸ್ಥಾನದ ಸ್ವತ್ತಾದುದು 1930ರಲ್ಲಿ.

ಸಾಲಾರ್‌ಜಂಗರು ಸ್ವಾರ್ಥಿಗಳಲ್ಲ, ವರಾಡವನ್ನು ಮರಳಿ ಪಡೆಯಲು ಕಡೆಯವರೆಗೂ ಹೆಣಗಿದರು. ಅಧಿಕಾರವನ್ನು ಒಂದೆಡೆ ಕೂಡಿಸಿದುದು ಅವರ ದೋಷವೆನ್ನಲಾಗದು. ಕೂಡಿಸಿದ ಅಧಿಕಾರವನ್ನು ಪ್ರಶ್ನಿಸುವ ಸಭೆಯೊಂದನ್ನೂ ಕಟ್ಟದೆ ಹೋದುದೇ ದೋಷ. ಸಮರ್ಥನ ಕೈಯಲ್ಲಿ ರಕ್ಷಣೆಯಾಗಿದ್ದುದು ಅವನು ಕಣ್ಮುಚ್ಚಿದ ವರ್ಷದಲ್ಲಿಯೇ ಕಂಪನಿಯ ಅನುಕೂಲವಾಯಿತು. ಆಡಳಿತವನ್ನು ಕಟ್ಟುವವರು ಅದರೊಡನೆ ಪ್ರಜೆಯ ದನಿಯನ್ನೂ ಕಟ್ಟಬೇಕೆಂಬುದೇ ಈ ಜೀವನದ ಪಾಠವು.