39 ಅಂಕಿಗಳ ಸಂಖ್ಯೆಯನ್ನು ಗೆದ್ದ ಮೇಷ್ಟ್ರು

ಪುಸ್ತಕದ ಹಾಳೆಯಲ್ಲಿ ಚುಕ್ಕಿಗಳನ್ನಿಟ್ಟು, ಸರದಿಯಂತೆ ಗೆರೆ ಎಳೆದು, ಚೌಕ ಪೂರ್ತಿಯಾದಾಗ ಅದರೊಳಗೆ ಹೆಸರಿನ ಮೊದಲ ಅಕ್ಷರ ಬರೆಯುವ ಆಟ ಆಡಿದ್ದೀರಲ್ಲವೇ? 1889ರಲ್ಲಿ ಆ ಆಟವನ್ನು ಮೊದಲು ಅಚ್ಚು ಹಾಕಿಸಿದವರು ಫ್ರಾನ್ಸ್ ದೇಶದ ಗಣಿತ ಮೇಷ್ಟ್ರು ಎಡ್ವಾರ್ ಲ್ಯೂಕಾ.

ಅವರು ಜನಿಸಿದ್ದು 1842ರ ಏಪ್ರಿಲ್ 4ರಂದು, ಅಮಿಯಾಂ ಪಟ್ಟಣದಲ್ಲಿ. ಮೊದಲು ಪ್ಯಾರಿಸ್‌ನ ಖಗೋಳ ವೀಕ್ಷಣಾಲಯದಲ್ಲಿ ಕೆಲಸ ಮಾಡಿದರು. 1870ರಲ್ಲಿ ಪ್ರಷ್ಯಾದೊಡನೆ ಯುದ್ಧ ಶುರುವಾದಾಗ ಫಿರಂಗಿ ದಳದ ಅಧಿಕಾರಿಯಾದರು. ಯುದ್ಧ ಮುಗಿದ ಮೇಲೆ ಪಾಠ ಹೇಳತೊಡಗಿದರು.

ಈಗ ಒಂದು ಲೆಕ್ಕ. 2ನ್ನು 127 ಸಲ ಬರೆದು ಗುಣಿಸಿ, ಉತ್ತರದಲ್ಲಿ 1 ಕಳೆಯಿರಿ. ಬರುವುದು ಇದು:

170141183460469231731687303715884105727

ಇದು ಅವಿಭಾಜ್ಯ ಸಂಖ್ಯೆಯೇ? ಹೌದೆಂದು ಮರ್ಸೆನ್ ಎಂಬ ಪಾದ್ರಿ 1644ರಲ್ಲೇ ಬರೆದಿದ್ದರು. ಆದರೆ ಆಧಾರ ಕೊಟ್ಟಿರಲಿಲ್ಲ. ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡೋಣವೆಂದರೆ 20 ಅಂಕಿಗಳ ಸಂಖ್ಯೆಗಳವರೆಗೂ ಹೋಗಬೇಕು. ಸೆಕೆಂಡಿಗೊಂದು ಭಾಗಾಕಾರ ಮಾಡಿದರೂ ಕೋಟ್ಯಂತರ ವರ್ಷ ಬೇಕು!

ಲ್ಯೂಕಾ ಬೇರೆ ದಾರಿ ಹುಡುಕಿದರು. ಅದನ್ನು 1930ರಲ್ಲಿ ಅಮೆರಿಕದ ಲೆಹ್ಮರ್ ಸುಲಭಗೊಳಿಸಿದರು. ಚಿಕ್ಕ ಸಂಖ್ಯೆಯಲ್ಲಿ ನೀವೇ ಮಾಡಿ ನೋಡಿ. 2ನ್ನು 5 ಸಲ ಗುಣಿಸಿ 1 ಕಳೆದರೆ 31. ಈಗ 4ರಿಂದ ಶುರು ಮಾಡಿ. ಅದರ ವರ್ಗದಲ್ಲಿ 2 ಕಳೆಯಿರಿ: 14. ಮತ್ತೆ ಹಾಗೆಯೇ ಮಾಡಿದರೆ 194. ಅದನ್ನು 31ರಿಂದ ಭಾಗಿಸಿದರೆ ಶೇಷ 8. 8ರ ವರ್ಗ 64, ಎರಡು ಕಳೆದರೆ 62. 31ರಿಂದ ಭಾಗಿಸಿ, ಶೇಷ ಸೊನ್ನೆ! ಐದಕ್ಕೆ ಎರಡು ಕಡಿಮೆ, ಅಂದರೆ ಮೂರನೇ ಹೆಜ್ಜೆಗೆ ಸೊನ್ನೆ ಬಂದಿದ್ದರಿಂದ 31 ಅವಿಭಾಜ್ಯ. ಆ ದೊಡ್ಡ ಸಂಖ್ಯೆಗೆ 125 ಹೆಜ್ಜೆ ಸಾಕು. ಆದರೆ ಒಂದೊಂದು ಹೆಜ್ಜೆಯಲ್ಲೂ 39 ಅಂಕಿಗಳವರೆಗಿನ ಸಂಖ್ಯೆಯ ವರ್ಗ ಮಾಡಬೇಕು, ಕಾಗದದ ಮೇಲೆ!

1876ರಲ್ಲಿ ಲ್ಯೂಕಾ ಅದು ಅವಿಭಾಜ್ಯವೆಂದು ಪ್ರಕಟಿಸಿದರು. ಅದೇ ವರ್ಷ ಮರ್ಸೆನ್ ಅವರ ಒಂದು ತಪ್ಪನ್ನೂ ತೋರಿಸಿದರು. 2ನ್ನು 67 ಸಲ ಗುಣಿಸಿ 1 ಕಳೆದಾಗ ಬರುವ ಸಂಖ್ಯೆ ಅವಿಭಾಜ್ಯವಲ್ಲ. ತಮಾಷೆಯೆಂದರೆ, ಅದನ್ನು ಭಾಗಿಸುವ ಸಂಖ್ಯೆ ಯಾವುದೆಂದು ಲ್ಯೂಕಾ ಅವರಿಗೂ ಗೊತ್ತಿರಲಿಲ್ಲ! 1903ರಲ್ಲಿ ಅಮೆರಿಕದ ಕೋಲ್ ಅದನ್ನು ಕಂಡುಹಿಡಿದರು: 193707721.

ಮೂರು ಕಂಬಗಳ ನಡುವೆ ಬಿಲ್ಲೆಗಳನ್ನು ಸಾಗಿಸುವ 'ಹನೋಯ್ ಗೋಪುರ' ಆಟವೂ ಲ್ಯೂಕಾ ಅವರದೇ, 1883ರದು. ಏಳು ಬಿಲ್ಲೆಗಳಿದ್ದರೆ ಕನಿಷ್ಠ 127 ಸಲ ಎತ್ತಿಡಬೇಕು. 127 ಬಿಲ್ಲೆಗಳಿದ್ದರೆ? ಮೇಲಿನ 39 ಅಂಕಿಗಳ ಸಂಖ್ಯೆಯಷ್ಟು ಸಲ!

1891ರಲ್ಲಿ ಒಂದು ಔತಣಕೂಟದಲ್ಲಿ ಬಡಿಸುವವನ ಕೈಯಿಂದ ತಟ್ಟೆ ಜಾರಿ ಒಡೆಯಿತು. ಚೂರೊಂದು ಸಿಡಿದು ಲ್ಯೂಕಾ ಅವರ ಕೆನ್ನೆಗೆ ತಾಗಿತು. ಗಾಯಕ್ಕೆ ಸೋಂಕು ತಗುಲಿ ಅಕ್ಟೋಬರ್ 3ರಂದು ತೀರಿಕೊಂಡರು. ಆಗ ಅವರಿಗೆ 49 ವರ್ಷ.

ಅವರ ಸಂಖ್ಯೆ 1951ರವರೆಗೂ ಜಗತ್ತಿಗೆ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯವಾಗಿತ್ತು. 2024ರಲ್ಲಿ ಕಂಪ್ಯೂಟರ್‌ಗಳು 4,10,24,320 ಅಂಕಿಗಳ ಅವಿಭಾಜ್ಯವೊಂದನ್ನು ಹುಡುಕಿದವು. ಅದನ್ನು ಖಚಿತಪಡಿಸಿಕೊಳ್ಳಲು ಬಳಸಿದ್ದು ಲ್ಯೂಕಾ–ಲೆಹ್ಮರ್ ಪರೀಕ್ಷೆಯನ್ನೇ, ಅಂದರೆ ನೀವು 31ಕ್ಕೆ ಮಾಡಿದ ಲೆಕ್ಕವನ್ನೇ.